ಹೆಂಚಿನ ಮಾಡಿನ ಕೆಳಗೆ ಒಂಬೈನೂರು ವರ್ಷ

ಹೊರಗಿನಿಂದ ನೋಡಿದರೆ ಇದು ಚರ್ಚ್ ಅಂತ ಅನ್ನಿಸುವುದೇ ಇಲ್ಲ. ಒರಟು ಕಲ್ಲಿನ ಗೋಡೆ, ಅದರ ಮೇಲೆ ಕಡಿದಾಗಿ ಇಳಿದ ಹೆಂಚಿನ ಮಾಡು, ಅಷ್ಟೇ. ಗೋಪುರ ಇಲ್ಲ, ಗುಮ್ಮಟ ಕಾಣಿಸುವುದಿಲ್ಲ. ಸುತ್ತ ಪೈನ್ ಮರಗಳ ಗುಡ್ಡ. ಕಾರಿನಿಂದ ಇಳಿದ ಭಾವ ಸೊಂಟದ ಮೇಲೆ ಕೈಯಿಟ್ಟು ನಿಂತು, "ತೀರ್ಥಹಳ್ಳಿಯಲ್ಲಿ ನಮ್ಮನೆ ಕೊಟ್ಟಿಗೆ ಥೇಟ್ ಹೀಗೇ ಇತ್ತು ಮಾರಾಯ. ಇದನ್ನ ನೋಡೋಕೆ ಇಷ್ಟು ದೂರ ಬಂದ್ವಾ?" ಅಂದರು.

ಭಾವ, ಅಕ್ಕ ಸೈಪ್ರಸ್‌ನ ರಾಜಧಾನಿ ನಿಕೋಸಿಯಾದಲ್ಲಿದ್ದಾರೆ. ಸಮುದ್ರ ತೀರಗಳನ್ನೆಲ್ಲ ಸುತ್ತಿ ಮುಗಿಸಿದ್ದರು, ಬೆಟ್ಟದ ಕಡೆ ತಿರುಗಿಯೂ ನೋಡಿರಲಿಲ್ಲ. ನನಗೆ ಮಾತ್ರ ಈ ಊರಿಗೆ ಬಂದಾಗ ನೋಡಲೇಬೇಕು ಅಂತ ಇದ್ದದ್ದು ಇದೊಂದೇ.

ಜಾಗದ ಹೆಸರು ಆಸಿನೂ. ಟ್ರೂಡೋಸ್ ಬೆಟ್ಟಸಾಲಿನ ಉತ್ತರದ ತಪ್ಪಲು. ನಿಕಿತಾರಿ ಅನ್ನುವ ಹಳ್ಳಿ ದಾಟಿ ಸುಮಾರು 5 ಕಿಲೋಮೀಟರ್ ಕಣಿವೆಯೊಳಗೆ ಹೋಗಬೇಕು. ಚರ್ಚಿನ ಪೂರ್ತಿ ಹೆಸರು ಪನಾಯಿಯಾ ಫೋರ್ವಿಯೋಟಿಸ್ಸಾ. ಪನಾಯಿಯಾ ಅಂದರೆ ಯೇಸುವಿನ ತಾಯಿ ಮರಿಯ. ಅಷ್ಟುದ್ದ ಹೆಸರು ಯಾರಿಗೆ ಬೇಕು, ಎಲ್ಲರೂ ಸುಮ್ನೆ ಆಸಿನೂ ಅಂತಲೇ ಕರೆಯುತ್ತಾರೆ. ಮೊದಲು ಇಲ್ಲೊಂದು ಮಠವೂ ಇತ್ತು. ಹದಿನೆಂಟನೇ ಶತಮಾನದ ಕೊನೆಯ ಹೊತ್ತಿಗೆ ಅದು ಖಾಲಿಯಾಯಿತು. ಉಳಿದದ್ದು ಚರ್ಚ್ ಮಾತ್ರ. ಒಳಗೋಡೆ ತುಂಬ ಹಳೆಯ ಚಿತ್ರಗಳಿರುವ ಟ್ರೂಡೋಸ್ ಸೀಮೆಯ ಇಂಥ ಚರ್ಚುಗಳಲ್ಲಿ ಒಂಬತ್ತನ್ನು ಯುನೆಸ್ಕೋ 1985ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2001ರಲ್ಲಿ ಹತ್ತನೆಯದೂ ಸೇರಿತು.

ದಾರಿ ಬಗ್ಗೆ ಜಾಸ್ತಿ ಹೇಳುವಂಥದ್ದೇನೂ ಇಲ್ಲ. ಬ್ರಿಟಿಷರು 1960ರವರೆಗೆ ಆಳಿದ ದ್ವೀಪ, ಹಾಗಾಗಿ ನಮ್ಮ ಹಾಗೆಯೇ ಎಡಗಡೆ ಗಾಡಿ ಓಡಿಸುತ್ತಾರೆ. ಚಳಿಗಾಲ ಮುಗಿಯುವ ಹೊತ್ತು. ಬೇಸಿಗೆಯಲ್ಲಿ ಸುಟ್ಟು ಬೋಳಾಗುವ ಬಯಲು ಆಗ ಹಸಿರಾಗಿತ್ತು, ಬಾದಾಮಿ ಗಿಡಗಳು ಎಲೆ ಬಿಡುವ ಮೊದಲೇ ಹೂ ಬಿಟ್ಟಿದ್ದವು. ಅಕ್ಕ ಹಿಂದಿನ ಸೀಟಿನಲ್ಲಿ ಚಪಾತಿ, ಚಟ್ನಿಪುಡಿ ಡಬ್ಬಿ ಮಡಿಲಲ್ಲಿ ಇಟ್ಟುಕೊಂಡು ನಿದ್ದೆ ಹೋಗಿದ್ದಳು.

ಮಾಡಿನ ವಿಷಯಕ್ಕೆ ಬರುತ್ತೇನೆ. ಅದು ಚರ್ಚಿನ ನಿಜವಾದ ಚಾವಣಿ ಅಲ್ಲ. ಒಳಗಡೆ ಕಲ್ಲಿನ ಕಮಾನು ಚಾವಣಿ ಬೇರೆಯೇ ಇದೆ. ಅದರ ಮೇಲೆ ಮರದ ತೊಲೆ ಕೂರಿಸಿ, ಚಪ್ಪಟೆ ಹೆಂಚು ಹೊದಿಸಿದ್ದಾರೆ. ಟ್ರೂಡೋಸ್ ಮೇಲ್ಭಾಗದಲ್ಲಿ ಹಿಮ ಬೀಳುತ್ತದೆ, ತಪ್ಪಲಿನಲ್ಲಿ ಮಳೆ. ನೀರು ಕಮಾನಿನ ಸಂದಿಗೆ ಇಳಿದರೆ ಒಳಗಿನ ಗಾರೆ ಉಬ್ಬಿ ಉದುರುತ್ತದೆ. ಗಾರೆ ಹೋದರೆ ಚಿತ್ರವೂ ಹೋದಂತೆ. ಈ ಮಾಡೊಂದಿಲ್ಲದಿದ್ದರೆ ಇಲ್ಲಿ ನೋಡಲಿಕ್ಕೆ ಬರೀ ಕಲ್ಲು ಇರುತ್ತಿತ್ತು. ಯುನೆಸ್ಕೋ ಪಟ್ಟಿಯಲ್ಲಿರುವ ಚರ್ಚುಗಳಲ್ಲಿ ಒಂದಕ್ಕೆ ಮಾಡಿನ ಹೆಸರೇ ಇದೆ: ಕಾಕೋಪೆಟ್ರಿಯಾ ಹತ್ತಿರದ 'ಮಾಡಿನ ಸಂತ ನಿಕೋಲಾಸ್'.

ಒಳಗೆ ಹೋದ ತಕ್ಷಣ ಏನೂ ಕಾಣಲಿಲ್ಲ. ಕಿಟಕಿ ಸಣ್ಣವು, ಬೆಳಕು ಕಮ್ಮಿ. ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡಿದ್ದ ವಯಸ್ಸಾದ ಕಾವಲುಗಾರರು ಫೋಟೊ ಬೇಡ ಅಂತ ಬೆರಳಾಡಿಸಿದರು. ಆಮೇಲೆ ಇಂಗ್ಲಿಷಿನಲ್ಲಿ, "ನಿಂತ್ಕೊಳ್ಳಿ, ಅವರೇ ಬರ್ತಾರೆ" ಅನ್ನುವ ಅರ್ಥದಲ್ಲಿ ಏನೋ ಹೇಳಿದರು. ಹಾಗೆಯೇ ಆಯಿತು. ಕಣ್ಣು ಹೊಂದಿಕೊಂಡ ಹಾಗೆ ಗೋಡೆಯಿಂದ ಒಬ್ಬೊಬ್ಬರೇ ಹೊರಗೆ ಬಂದರು. ಮೊದಲು ಪ್ರಭೆಯ ಹಳದಿ ವೃತ್ತಗಳು, ಆಮೇಲೆ ಕಣ್ಣುಗಳು, ಆಮೇಲೆ ಪೂರ್ತಿ ಮನುಷ್ಯರು. ನೆಲದಿಂದ ಕಮಾನಿನ ನೆತ್ತಿಯವರೆಗೆ ಒಂದು ಗೇಣು ಜಾಗ ಖಾಲಿ ಬಿಟ್ಟಿಲ್ಲ.

ದಕ್ಷಿಣದ ಬಾಗಿಲ ಮೇಲೆ, ಒಳಗೋಡೆಯಲ್ಲಿ, ಈ ಚರ್ಚ್ ಕಟ್ಟಿಸಿದವನ ಚಿತ್ರ ಇದೆ. ಕೈಯಲ್ಲಿ ಪುಟ್ಟ ಚರ್ಚೊಂದನ್ನು ಹಿಡಿದು ನಿಂತಿದ್ದಾನೆ. ಮರಿಯಮ್ಮ ಅವನನ್ನು ಯೇಸುವಿನ ಮುಂದೆ ಕರೆದು ತೋರಿಸುತ್ತಿದ್ದಾಳೆ. ಹೆಸರು ನಿಕಿಫೋರೋಸ್ ಮಜಿಸ್ಟ್ರೋಸ್. ಮಜಿಸ್ಟ್ರೋಸ್ ಅನ್ನುವುದು ಬೈಜಾಂಟಿಯಮ್, ಅಂದರೆ ಆಗ ಸೈಪ್ರಸ್ ಆಳುತ್ತಿದ್ದ ಪೂರ್ವ ರೋಮನ್ ಸಾಮ್ರಾಜ್ಯದ ಆಸ್ಥಾನದ ಬಿರುದು. ಅಲ್ಲಿರುವ ಬರಹದ ಪ್ರಕಾರ ಚಿತ್ರ ಬರೆಸಿದ್ದು ಚಕ್ರವರ್ತಿ ಅಲೆಕ್ಸಿಯೋಸ್ ಕೊಮ್ನಿನೋಸ್ ಕಾಲದಲ್ಲಿ, 6614ನೇ ವರ್ಷ. ಗಾಬರಿಯಾಗಬೇಡಿ. ಬೈಜಾಂಟಿಯಮ್‌ನವರು ಜಗತ್ತು ಹುಟ್ಟಿದ ದಿನದಿಂದ ವರ್ಷ ಎಣಿಸುತ್ತಿದ್ದರು. ನಮ್ಮ ಲೆಕ್ಕಕ್ಕೆ ಅದು 1105-06. ಅವರ ವರ್ಷ ಸೆಪ್ಟೆಂಬರ್‌ನಲ್ಲಿ ಶುರುವಾಗುತ್ತಿದ್ದರಿಂದ ಎರಡು ಇಸವಿ ಹೇಳಬೇಕಾಗುತ್ತದೆ.

ಇನ್ನೊಂದು ಬರಹ ಪದ್ಯದಲ್ಲಿದೆ. ಅದರ ಸಾರ ಇಷ್ಟು: ಬದುಕಿನಲ್ಲಿ ನನಗೆ ಸಿಕ್ಕಿದ್ದೆಲ್ಲ ನೀನು ಕೊಟ್ಟದ್ದು ತಾಯಿ. ಅದಕ್ಕೆ ಬದಲಾಗಿ ಆಸೆಪಟ್ಟು ಈ ಗುಡಿ ಕಟ್ಟಿಸಿದ್ದೇನೆ. ಆ ಭಯಂಕರ ತೀರ್ಪಿನ ದಿನ ನನ್ನ ಪರ ನಿಂತುಕೋ.

ಅವನ ಹಿಂದೆ ಒಬ್ಬ ಹೆಂಗಸು ನಿಂತಿದ್ದಾಳೆ. ಹೆಸರು ಗೆಫಿರಾ. ಅವಳು ತೀರಿಕೊಂಡದ್ದು 1099ರ ಡಿಸೆಂಬರ್‌ನಲ್ಲಿ. ಅವನ ಹೆಂಡತಿ ಇರಬೇಕು ಅಂತ ತಿಳಿದವರು ಹೇಳುತ್ತಾರೆ, ಮಗಳಿರಬಹುದು ಅನ್ನುವವರೂ ಇದ್ದಾರೆ. ಚರ್ಚ್ ಕಟ್ಟುವ ಕೆಲಸ ಶುರುವಾದದ್ದೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ. ಅಂದರೆ ಚಿತ್ರ ಬರೆಸುವ ಹೊತ್ತಿಗೆ ಅವಳು ಹೋಗಿ ಆರೇಳು ವರ್ಷ ಆಗಿತ್ತು. ಆದರೂ ಅವಳನ್ನು ಬಿಟ್ಟು ಅವನೊಬ್ಬನೇ ನಿಂತಿಲ್ಲ. ಮುಂದೆ ಅವನು ಸನ್ಯಾಸಿಯಾಗಿ ನಿಕೋಲಾಸ್ ಅಂತ ಹೆಸರು ಬದಲಿಸಿಕೊಂಡ. ನನಗೆ ಇಡೀ ಆಸಿನೂ ಹಿಡಿಸಿದ್ದು ಈ ಬಾಗಿಲಿನಿಂದ. ದೊಡ್ಡ ಧರ್ಮದ ದೊಡ್ಡ ಕಥೆಗಳ ನಡುವೆ, ಮನೆಯವರನ್ನು ಕಳೆದುಕೊಂಡ ಒಬ್ಬ ಮನುಷ್ಯನ ಅರ್ಜಿ.

ಪಶ್ಚಿಮದ ಗೋಡೆಯಲ್ಲಿ ಮರಿಯಮ್ಮನ ಮರಣ. ಮಂಚದ ಮೇಲೆ ಅವಳು ಮಲಗಿದ್ದಾಳೆ, ಶಿಷ್ಯರು ಬಾಗಿ ನಿಂತಿದ್ದಾರೆ. ಮಂಚದ ಆಚೆ ಯೇಸು. ಅವನ ಕೈಯಲ್ಲಿ ಬಟ್ಟೆ ಸುತ್ತಿದ ಎಳೆ ಮಗು. ಅದು ತಾಯಿಯ ಆತ್ಮ. ಹೆತ್ತವಳನ್ನು ಮಗನೇ ಕೂಸಿನ ಹಾಗೆ ಎತ್ತಿಕೊಂಡಿದ್ದಾನೆ. ಆರ್ಥೊಡಾಕ್ಸ್, ಅಂದರೆ ಪೂರ್ವದ ಕ್ರೈಸ್ತ ಪಂಗಡದ ಚರ್ಚುಗಳಲ್ಲಿ ಈ ಚಿತ್ರ ಬೇಕಾದಷ್ಟು ಕಡೆ ಸಿಗುತ್ತದೆ, ರೂಢಿಯ ಚಿತ್ರವೇ. ಆದರೂ ಅಕ್ಕ ಅದರ ಮುಂದಿನಿಂದ ಬೇಗ ಕದಲಲಿಲ್ಲ.

ಪಕ್ಕದಲ್ಲೇ ಸೆಬಾಸ್ತೆಯ ನಲವತ್ತು ಹುತಾತ್ಮರು. ರೋಮನ್ ಸೈನಿಕರು. ಕ್ರೈಸ್ತ ಧರ್ಮ ಬಿಡಲಿಲ್ಲ ಅಂತ ಬಟ್ಟೆ ಬಿಚ್ಚಿಸಿ, ಹೆಪ್ಪುಗಟ್ಟಿದ ಕೆರೆಯ ಮೇಲೆ ರಾತ್ರಿಯಿಡೀ ನಿಲ್ಲಿಸಿದರು. ದಂಡೆಯ ಮೇಲೆ ಬಿಸಿನೀರಿನ ಸ್ನಾನದ ಮನೆ. ಧರ್ಮ ಬಿಟ್ಟವನು ಅಲ್ಲಿಗೆ ಓಡಬಹುದು. ಒಬ್ಬ ತಡೆಯಲಾರದೆ ಓಡುತ್ತಾನೆ. ಅದನ್ನು ನೋಡಿದ ಕಾವಲಿನವನೇ ಬಟ್ಟೆ ಬಿಚ್ಚಿ ಅವನ ಜಾಗಕ್ಕೆ ಬಂದು ನಲವತ್ತರ ಲೆಕ್ಕ ಸರಿಮಾಡುತ್ತಾನೆ. ಚಿತ್ರಗಾರ ಇಲ್ಲಿ ಬರೀ ಮೈಗಳನ್ನೇ ಬರೆಯಬೇಕಿತ್ತು. ಬಟ್ಟೆಯ ನೆರಿಗೆ, ಬಣ್ಣ, ಅಂಚು ಯಾವುದರ ಸಹಾಯವೂ ಇಲ್ಲ. ಚಳಿ ಅನ್ನುವುದನ್ನು ಕೈಕಾಲುಗಳಲ್ಲೇ ತೋರಿಸಬೇಕು.

ಒಂದು ಮುಖದ ಹತ್ತಿರ ಹೋಗಿ ನೋಡಿದೆ, ಮುಟ್ಟದಷ್ಟು ದೂರದಲ್ಲಿ. ಕೆಳಗಿನ ಪದರ ಹಸಿರು ಕಂದು. ಅದರ ಮೇಲೆ ಹಳದಿ ಮಣ್ಣಿನ ಬಣ್ಣ, ಕೆನ್ನೆಗೆ ಮಾತ್ರ ಸ್ವಲ್ಪ ಕೆಂಪು. ಆಮೇಲೆ ಹುಬ್ಬಿನ ಕೆಳಗೆ, ಮೂಗಿನ ದಂಡಿಗೆ, ಹಣೆಯ ಗೆರೆಗೆ ಬಿಳಿಯ ಸಣ್ಣ ಸಣ್ಣ ಗೀಟು. ಹಸಿರು ಪದರವನ್ನು ಕಣ್ಣಿನ ಗುಳಿಯಲ್ಲಿ, ಗದ್ದದ ಕೆಳಗೆ ಹಾಗೇ ಬಿಟ್ಟಿದ್ದಾನೆ. ಅದೇ ನೆರಳು. ದೂರದಿಂದ ಮೈಬಣ್ಣದ ಹಾಗೆ ಕಂಡದ್ದು ಹತ್ತಿರದಿಂದ ಬರೀ ಗೀಟು. ಸುಣ್ಣದ ಗಾರೆ ಹಸಿಯಿರುವಾಗಲೇ ಬಣ್ಣ ಹಚ್ಚಬೇಕು. ಗಾರೆ ಒಣಗುತ್ತಾ ಗಟ್ಟಿಯಾಗುವಾಗ ಬಣ್ಣವೂ ಅದರೊಳಗೆ ಸೇರಿಕೊಳ್ಳುತ್ತದೆ. ಕೈ ನಡುಗುವವನಿಗೆ, ಮತ್ತೆ ಮತ್ತೆ ಯೋಚಿಸುವವನಿಗೆ ಈ ಕೆಲಸ ಅಲ್ಲ. ಇಲ್ಲಿ ಬರೆದವನ ಹೆಸರು ಎಲ್ಲೂ ಇಲ್ಲ. ಕೈ ನೋಡಿದರೆ ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನ ಪಳಗಿದ ಕೈ ಅನ್ನುತ್ತಾರೆ.

ಪೂರ್ವದ ದುಂಡು ಗೋಡೆಯಲ್ಲಿ ಯೇಸು ಶಿಷ್ಯರಿಗೆ ರೊಟ್ಟಿ, ದ್ರಾಕ್ಷಾರಸ ಕೊಡುವ ಚಿತ್ರ. ಸಾಲಾಗಿ ಬರುತ್ತಿರುವ ಶಿಷ್ಯರಲ್ಲಿ ಒಬ್ಬ ಮಾತ್ರ ಬೆನ್ನು ತಿರುಗಿಸಿ ಹೊರಟಿದ್ದಾನೆ. ಯೇಸುವನ್ನು ಹಿಡಿದುಕೊಟ್ಟ ಯೂದ. ಭಾವ ಅವನನ್ನು ತಾವೇ ಹುಡುಕಿ ಹಿಡಿದರು. "ನೋಡೋ, ಎಲ್ಲಾ ಆ ಕಡೆ ಹೋಗ್ತಿದ್ರೆ ಇವನೊಬ್ಬ ಈ ಕಡೆ!" ಆಮೇಲೆ ಕೊಟ್ಟಿಗೆಯ ಸುದ್ದಿ ಎತ್ತಲಿಲ್ಲ.

ಅದರ ಮೇಲಿರುವ ಮರಿಯಮ್ಮ ಮಾತ್ರ ಬೇರೆ ಕೈ, ಬೇರೆ ಕಾಲ. ಪೂರ್ವದ ಆ ಭಾಗ ಬಿದ್ದುಹೋಗಿ, ಮತ್ತೆ ಕಟ್ಟಿ, ಹದಿನಾಲ್ಕನೇ ಶತಮಾನದಲ್ಲಿ ಹೊಸದಾಗಿ ಬರೆದದ್ದು. ಹೀಗೆ ಒಂದೇ ಕೋಣೆಯಲ್ಲಿ ಎರಡು ಶತಮಾನ ಅಕ್ಕಪಕ್ಕ ಇವೆ. ವ್ಯತ್ಯಾಸ ಗುರುತಿಸುವುದು ಕಷ್ಟವೇನಲ್ಲ. ಹಳೆಯವರು ತೆಳ್ಳಗೆ, ಉದ್ದಕ್ಕೆ, ಗಂಭೀರ. ಹೊಸಬರ ಗೆರೆ ದಪ್ಪ, ಬಣ್ಣ ಜೋರು. ನನ್ನ ಮನಸ್ಸು ಹಳೆಯವರ ಕಡೆಗೇ. ಆದರೆ ಕಥೆ ಜಾಸ್ತಿ ಇರುವುದು ಹೊಸಬರ ಹತ್ತಿರ, ಅಂದರೆ ಮೊಗಸಾಲೆಯಲ್ಲಿ.

ಮೊಗಸಾಲೆ ಮೂಲ ಕಟ್ಟಡದ್ದಲ್ಲ. ಹನ್ನೆರಡನೇ ಶತಮಾನದ ಕೊನೆಯ ಭಾಗದಲ್ಲಿ ಸೇರಿಸಿದ್ದು. ಎರಡು ಕಡೆ ದುಂಡಗೆ ಉಬ್ಬಿದ ಗೋಡೆ, ಮೇಲೆ ಯೇಸುವಿನ ದೊಡ್ಡ ಮುಖ. ಬಹುಪಾಲು ಚಿತ್ರ 1332-33ರದ್ದು. ಅಷ್ಟು ಹೊತ್ತಿಗೆ ಊರ ಮೇಲಿನ ಅಧಿಕಾರ ಪೂರ್ತಿ ಬದಲಾಗಿತ್ತು. 1191ರಲ್ಲಿ ಇಂಗ್ಲೆಂಡಿನ ರಾಜ ರಿಚರ್ಡ್ ಜೆರೂಸಲೇಮಿನ ಯುದ್ಧಕ್ಕೆ ಹೋಗುವ ದಾರಿಯಲ್ಲಿ ಸೈಪ್ರಸ್ ಹಿಡಿದ. ಹಿಡಿದವನು ಟೆಂಪ್ಲರ್ ಅನ್ನುವ ಕ್ರೈಸ್ತ ಯೋಧ-ಸನ್ಯಾಸಿಗಳ ಪಂಥಕ್ಕೆ ಮಾರಿದ. ಅವರಿಗೂ ಸಂಭಾಳಿಸಲಾಗಲಿಲ್ಲ. 1192ರಲ್ಲಿ ಅದು ಫ್ರಾನ್ಸ್ ಮೂಲದ ಲುಸಿನ್ಯಾನ್ ಮನೆತನದ ಕೈಗೆ ಬಂತು. ಆಮೇಲೆ ಸುಮಾರು ಮುನ್ನೂರು ವರ್ಷ ಆಳುವವರು ಕ್ಯಾಥೊಲಿಕರು, ಹಳ್ಳಿಯವರು ಗ್ರೀಕ್ ಆರ್ಥೊಡಾಕ್ಸ್. ಆರ್ಥೊಡಾಕ್ಸ್ ಬಿಷಪ್‌ಗಳ ಸಂಖ್ಯೆಯನ್ನು ನಾಲ್ಕಕ್ಕೆ ಇಳಿಸಿ, ಪಟ್ಟಣಗಳಿಂದ ಹಳ್ಳಿ ಕಡೆಗೆ ಕಳಿಸಿದರು. ಹಳ್ಳಿಗಳಲ್ಲಿ ಚಿತ್ರ ಬರೆಸುವುದು ಮಾತ್ರ ನಿಲ್ಲಲಿಲ್ಲ.

ಮೊಗಸಾಲೆಯ ಒಂದು ಮೂಲೆಯಲ್ಲಿ ಈ ಎರಡು ಪಂಗಡಗಳ ಬೆರಕೆ ಕಣ್ಣಿಗೆ ಹೊಡೆಯುತ್ತದೆ. ಮರಿಯಮ್ಮ ತನ್ನ ಮೇಲುಹೊದಿಕೆಯನ್ನು ಬಿಡಿಸಿ ಹಿಡಿದಿದ್ದಾಳೆ. ಅದರ ಕೆಳಗೆ ಒಂದು ಕುಟುಂಬ ಕೈಮುಗಿದು ಕೂತಿದೆ. ಹೀಗೆ ಸೆರಗಿನಡಿ ಭಕ್ತರನ್ನು ಕರೆದುಕೊಳ್ಳುವ ಮರಿಯಮ್ಮ ಕ್ಯಾಥೊಲಿಕರ ಕಲ್ಪನೆ. ಆ ಕುಟುಂಬದ ಹೆಂಗಸಿನ ಉಡುಪೂ ಪಶ್ಚಿಮದ್ದೇ, ತಲೆಯ ಮೇಲೆ ಕಪ್ಪು ಮುಸುಕು. ಬೆಟ್ಟದ ಗ್ರೀಕ್ ಚರ್ಚಿನಲ್ಲಿ, ಆಳುವವರ ಕಡೆಯ ಒಂದು ಮನೆಯವರು ತಮಗೂ ಒಂದು ಮೂಲೆ ಕೇಳಿ ಪಡೆದಿದ್ದಾರೆ. ಪಾಠದ ಪುಸ್ತಕದಲ್ಲಿ ಎರಡು ಪಂಗಡ ಬರೀ ಕಚ್ಚಾಡುತ್ತವೆ, ಅಲ್ವಾ? ಗೋಡೆಯ ಮೇಲೆ ಬೇರೆಯೇ ಲೆಕ್ಕ.

ಅದೇ ಕಡೆ ಕುದುರೆಯೇರಿದ ಸಂತ ಜಾರ್ಜ್. ಇವನು ಉಳಿದವರಿಗಿಂತ ಹಳಬ, ಮೊಗಸಾಲೆ ಕಟ್ಟಿದ ಹೊತ್ತಿನವನು. ಬರೆಸಿದವನೂ ನಿಕಿಫೋರೋಸ್ ಅನ್ನುವವನೇ, ಆದರೆ ಇವನು ದೊಡ್ಡ ಬಿರುದಿನವನಲ್ಲ, ಕುದುರೆಗಳ ಕೆಲಸ ಮಾಡುತ್ತಿದ್ದವನು. ಹಾಗಾಗಿ ಕುದುರೆಯ ಸಂತನೇ ಬೇಕಾಯಿತು. ಹತ್ತಿರದಲ್ಲೇ ಸಂತ ಅನಸ್ತಾಸಿಯಾ, ವಿಷ ಇಳಿಸುವವಳು ಅಂತ ಹೆಸರಾದವಳು, ಕೈಯಲ್ಲಿ ಔಷಧಿ ಸೀಸೆ. ಅವಳ ಪಾದದ ಹತ್ತಿರ ಪುಟ್ಟದಾಗಿ ಒಬ್ಬ ಹೆಂಗಸು. ಅವಳ ಹೆಸರೂ ಅನಸ್ತಾಸಿಯಾ. ತನ್ನ ಹೆಸರಿನ ಸಂತಳನ್ನು ತಾನೇ ದುಡ್ಡು ಕೊಟ್ಟು ಬರೆಸಿದ್ದಾಳೆ.

ಉಳಿದ ಗೋಡೆಯೆಲ್ಲ ಕೊನೆಯ ತೀರ್ಪು, ಅಂದರೆ ಲೋಕ ಮುಗಿಯುವಾಗ ಸತ್ತವರೆಲ್ಲ ಎದ್ದು ದೇವರ ಮುಂದೆ ಲೆಕ್ಕ ಒಪ್ಪಿಸುವ ದಿನ. ಭೂಮಿ ಒಬ್ಬ ಹೆಂಗಸು, ಸಮುದ್ರ ಇನ್ನೊಬ್ಬಳು. ತಮ್ಮೊಳಗೆ ಸೇರಿದ ಸತ್ತವರನ್ನೆಲ್ಲ ಇಬ್ಬರೂ ವಾಪಸ್ ಕೊಡುತ್ತಿದ್ದಾರೆ. ಒಂದು ಕಡೆ ಸ್ವರ್ಗ, ಇನ್ನೊಂದು ಕಡೆ ನರಕ. ಸೈಪ್ರಸ್ ಹಳ್ಳಿ ಚರ್ಚುಗಳ ನರಕದಲ್ಲಿ ರಾಜರು, ರಾಕ್ಷಸರಿಗಿಂತ ಊರಿನವರೇ ಜಾಸ್ತಿ. ಅಳತೆಯಲ್ಲಿ ಮೋಸ ಮಾಡಿದ ಹಿಟ್ಟಿನ ಗಿರಣಿಯವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ನಿಲ್ಲಿಸುವುದು ಈ ಕಡೆಯ ಮಾಮೂಲಿ ಶಿಕ್ಷೆ. ಊರಿನ ಗಿರಣಿಯವನು ಪ್ರತಿ ಭಾನುವಾರ ಅದರ ಕೆಳಗೇ ಹಾದುಹೋಗಬೇಕಿತ್ತು, ಪಾಪ. ಒಳಗಿನ ಬಾಗಿಲ ಮೇಲೆ ನಿಂತ ಮಜಿಸ್ಟ್ರೋಸ್ ಹೆದರಿದ್ದ ಆ ದಿನ, ಎರಡು ಶತಮಾನ ಆದಮೇಲೆ ಅವನ ಚರ್ಚಿನ ಮುಂದಿನ ಕೋಣೆಗೇ ಬಂದು ಕೂತಿದೆ.

ಇಷ್ಟೆಲ್ಲ ಭಯದ ನಡುವೆ ಒಂದು ಕಮಾನಿನ ಮೇಲೆ ಬೇಟೆನಾಯಿಗಳು, ಜೊತೆಗೆ ಕಾಡುಕುರಿ. ದೊಡ್ಡ ಸುರುಳಿ ಕೊಂಬು. ಇದು ಸೈಪ್ರಸ್‌ನದ್ದೇ ಪ್ರಾಣಿ, ಇಲ್ಲಿಯವರು ಅಗ್ರಿನೋ ಅನ್ನುತ್ತಾರೆ. ಧರ್ಮಕ್ಕೂ ಅದಕ್ಕೂ ಏನು ಸಂಬಂಧವೋ. ಅಕ್ಕ ಪರ್ಸ್ ತೆಗೆದು ಚಿಲ್ಲರೆ ಹುಡುಕಿ ಒಂದು 5 ಸೆಂಟ್ ನಾಣ್ಯ ತೋರಿಸಿದಳು. ಅದರ ಮೇಲೂ ಅದೇ ಕಾಡುಕುರಿ. ಕಾವಲುಗಾರರು ಮೊದಲ ಸಲ ನಕ್ಕರು.

ಇದೆಲ್ಲ ಇಷ್ಟು ಚೆನ್ನಾಗಿ ಕಾಣುವುದಕ್ಕೆ 1960ರ ದಶಕದ ಕೆಲಸವೂ ಕಾರಣ. ಅಮೆರಿಕದ ಡಂಬಾರ್ಟನ್ ಓಕ್ಸ್ ಸಂಸ್ಥೆಯವರು ಆಗ ಬಂದು ಚಿತ್ರಗಳನ್ನು ಶುಚಿ ಮಾಡಿದರು. ಅದಕ್ಕೆ ಮುಂಚೆ ಶತಮಾನಗಳ ಮೇಣದಬತ್ತಿ, ಎಣ್ಣೆ ದೀಪದ ಹೊಗೆ ಗೋಡೆಗೆ ಮೆತ್ತಿಕೊಂಡಿತ್ತು.

ನಿಕಿತಾರಿಗೆ ವಾಪಸ್ ಬಂದು ಕಾಫಿ ಅಂಗಡಿಯಲ್ಲಿ ಕೂತೆವು. ಇಲ್ಲಿ ಕಾಫಿಗೆ ಸಕ್ಕರೆ ಆಮೇಲೆ ಹಾಕುವುದಿಲ್ಲ, ಕುದಿಸುವಾಗಲೇ ಹಾಕುತ್ತಾರೆ. ಹಾಗಾಗಿ ಮೊದಲೇ ಹೇಳಬೇಕು: ಸಕ್ಕರೆ ಬೇಡವಾದರೆ ಸ್ಕೆಟೊ, ಮಧ್ಯಮ ಅಂದರೆ ಮೆಟ್ರಿಯೊ, ಜಾಸ್ತಿ ಬೇಕಾದರೆ ಗ್ಲಿಕೊ. ಭಾವ ಮೂರು ಗ್ಲಿಕೊ ಅಂದರು. ತಳದಲ್ಲಿ ಗಷ್ಟು ನಿಂತ ಪುಟ್ಟ ಕಪ್, ಪಕ್ಕಕ್ಕೆ ತಣ್ಣೀರು.

ಮಧ್ಯಾಹ್ನ ಲಾಗುಡೆರಾಗೆ ಹೋದೆವು. ಇದು ಇನ್ನೂ ಮೇಲೆ, ಸುಮಾರು 1000 ಮೀಟರ್ ಎತ್ತರದಲ್ಲಿ. ತಿರುವು ತಿರುವು ದಾರಿ, ಅಕ್ಕನ ಮುಖ ಬಾಡಿತ್ತು. ಇಲ್ಲಿಯ ಪನಾಯಿಯಾ ತು ಆರಾಕೋಸ್ ಚರ್ಚಿಗೂ ಮೇಲೊಂದು ಮಾಡು. ಒಳಗೆ ಬರಹದಲ್ಲಿರುವ ತಾರೀಕು 1192ರ ಡಿಸೆಂಬರ್. ಇಸವಿ ಗಮನಿಸಿ. ದ್ವೀಪ ಕೈಯಿಂದ ಕೈಗೆ ಹೋಗಿ, ಮುಂದೆ ಏನು ಅಂತ ಯಾರಿಗೂ ಗೊತ್ತಿಲ್ಲದ ವರ್ಷ. ಆ ಹೊತ್ತಿನಲ್ಲಿ ಲಿಯೋನ್ ಅನ್ನುವವನು ಚಿತ್ರಗಾರನನ್ನು ಕರೆಸಿ, ಕಮ್ಮಿ ದುಡ್ಡಿನಲ್ಲಿ ಮುಗಿಸಿ ಅನ್ನಲಿಲ್ಲ. ನೀಲಿಗೆ ಲಾಪಿಸ್ ಲಾಜುಲಿ ಅನ್ನುವ ದುಬಾರಿ ನೀಲಿ ಕಲ್ಲು ಅರೆದು ಹಚ್ಚಿಸಿದ್ದಾನೆ. ಆ ಕಾಲದಲ್ಲಿ ಆ ಕಲ್ಲು ಸಿಗುತ್ತಿದ್ದದ್ದು ಅಫ್ಘಾನಿಸ್ತಾನದ ಬದಕ್‌ಶಾನ್ ಗಣಿಗಳಿಂದ. ಬರೆದವನು ಥಿಯೋಡೋರೋಸ್ ಆಪ್ಸೆವ್ದಿಸ್ ಇರಬೇಕು ಅಂತ ತಜ್ಞರ ಅಂದಾಜು. ಪಾಫೋಸ್ ಹತ್ತಿರ ಸಂತ ನಿಯೋಫಿಟೋಸ್‌ನ ಗುಹೆಯಲ್ಲಿ 1183ರಲ್ಲಿ ಹೆಸರು ಬರೆದಿಟ್ಟವನು ಅವನೇ.

ಇಲ್ಲಿಯ ಗೆರೆ ಆಸಿನೂವಿನದಕ್ಕಿಂತ ಬಹಳ ಚುರುಕು. ದೇವದೂತರ ಬಟ್ಟೆ ಗಾಳಿಗೆ ಸಿಕ್ಕಿದ ಹಾಗೆ ಸುತ್ತಿಕೊಂಡಿದೆ. ನನಗೆ ಕೆಲವು ಕಡೆ ಅತಿಯಾಯಿತು ಅನ್ನಿಸಿತು. ಆದರೆ ಮುದುಕ ಸಿಮೆಯೋನ್ ಮಗು ಯೇಸುವನ್ನು ಎತ್ತಿಕೊಂಡ ಚಿತ್ರಕ್ಕೆ ಸಾಟಿಯಿಲ್ಲ. ಮುದುಕನ ಗಡ್ಡ, ಕೂದಲು ಎಲ್ಲ ಅಲೆ ಅಲೆ. ಮಗುವಿನ ಕಾಲು ಬರಿದು, ಕಿವಿಯಲ್ಲಿ ಓಲೆ. ಅದು ಅಕ್ಕನ ಕಣ್ಣಿಗೆ ಮೊದಲು ಬಿತ್ತು. "ಅಯ್ಯೋ, ಕಿವಿ ಚುಚ್ಚಿಸಿದ್ದಾರೆ ನೋಡ್ರೀ!" ಅಂತ ಭಾವನ ತೋಳು ಹಿಡಿದು ಎಳೆದಳು.

ನಿಕೋಸಿಯಾಗೆ ವಾಪಸಾದ ಮೇಲೆ ಅಲ್ಲಿಯ ಬೈಜಾಂಟೈನ್ ಮ್ಯೂಸಿಯಮ್‌ಗೂ ಹೋದೆವು. ಅಲ್ಲಿ ಲಿಸಿ ಅನ್ನುವ ಊರಿನ ಪುಟ್ಟ ಚರ್ಚೊಂದರ ಚಿತ್ರಗಳಿವೆ. 1974ರಲ್ಲಿ ದ್ವೀಪ ಎರಡಾದಾಗ ಲಿಸಿ ತುರ್ಕಿ ಸೇನೆ ಹಿಡಿದ ಉತ್ತರ ಭಾಗಕ್ಕೆ ಸೇರಿತು. ಕಳ್ಳರು ಗುಮ್ಮಟದ ಚಿತ್ರವನ್ನು ಗಾರೆ ಸಮೇತ 38 ತುಂಡು ಮಾಡಿ ಸಾಗಿಸಿದರು. ಅಮೆರಿಕದ ಮೆನಿಲ್ ಪ್ರತಿಷ್ಠಾನ ಸೈಪ್ರಸ್ ಚರ್ಚಿನ ಒಪ್ಪಿಗೆ ಪಡೆದು ಕೊಂಡುಕೊಂಡಿತು, ತುಂಡು ಜೋಡಿಸಿ ಹ್ಯೂಸ್ಟನ್‌ನಲ್ಲಿ ಇಟ್ಟಿತ್ತು. 2012ರಲ್ಲಿ ವಾಪಸ್ ಬಂತು. ಬಂದದ್ದು ಮ್ಯೂಸಿಯಮ್‌ಗೆ, ಲಿಸಿಗಲ್ಲ. ಚಿತ್ರ ಚೆನ್ನಾಗಿದೆ, ಬೆಳಕೂ ಚೆನ್ನಾಗಿದೆ. ಆದರೆ ಅದನ್ನು ಬರೆಸಿದವರ ಊರು, ಬಾಗಿಲು, ಮೇಣದ ಹೊಗೆ ಯಾವುದೂ ಜೊತೆಗಿಲ್ಲ. ಆಸಿನೂ ನೋಡಿ ಬಂದವರಿಗೆ ಆ ಕೊರತೆ ಎದ್ದು ಕಾಣುತ್ತದೆ.

ಹೋಗುವವರಿಗೆ ಒಂದೆರಡು ಮಾತು. ಬಸ್ ನಂಬಿಕೊಂಡರೆ ಕೆಲಸ ಆಗುವುದಿಲ್ಲ, ಕಾರು ಬೇಕು. ಮಂಡಿ, ಭುಜ ಮುಚ್ಚುವ ಬಟ್ಟೆ ಹಾಕಿಕೊಳ್ಳಿ. ಸಣ್ಣದೊಂದು ದುರ್ಬೀನು ಇದ್ದರೆ ಕಮಾನಿನ ಮೇಲಿನ ಚಿತ್ರಗಳೂ ಸಿಗುತ್ತವೆ. ಹತ್ತೂ ಚರ್ಚನ್ನು ಒಂದೇ ಓಟದಲ್ಲಿ ಮುಗಿಸುವ ಹಟ ಬೇಡ, ಮೂರನೆಯದಕ್ಕೇ ಎಲ್ಲ ಸಂತರ ಮುಖವೂ ಒಂದೇ ಥರ ಕಾಣಲು ಶುರುವಾಗುತ್ತದೆ. ಕೆಲವು ಊರುಗಳಲ್ಲಿ ಚರ್ಚಿಗೆ ಬೀಗ ಇರುತ್ತದೆ. ಕಾಫಿ ಅಂಗಡಿಯಲ್ಲಿ ಕೇಳಿದರೆ ಬೀಗದ ಕೈ ಯಾರ ಹತ್ತಿರ ಇದೆ ಅಂತ ಹೇಳುತ್ತಾರೆ. ಮಧ್ಯಾಹ್ನ ಅವರೂ ಊಟ ಮಾಡಿ ಮಲಗಿರುತ್ತಾರೆ, ಬೆಳಿಗ್ಗೆಯೇ ಹೋಗಿ.